ಹಚ್ಚೆ ತೆಗೆಸುವವರು ಚರ್ಮಕ್ಕೂ ಸಮಯ ಕೊಡಲಿ

ನಮ್ಮ ವಿಜಯಪುರ ಜಿಲ್ಲೆಯ ಹಳ್ಳಿಗಳಿಗೆ ಹಚ್ಚೆ ಹೊಸದಲ್ಲ. ಹಿಂದೆ ಕೊರವರ ಹೆಂಗಸರು ಮನೆ ಬಾಗಿಲಿಗೆ ಬಂದು ಸೂಜಿಯಿಂದ ಚುಚ್ಚಿ ಹಾಕುತ್ತಿದ್ದರು. ನಮ್ಮ ಮನೆಗಳಲ್ಲೂ ಕೆಲವು ಅಜ್ಜಿಯರ ಮುಂಗೈ ಮೇಲೆ ಆ ಹಸಿರು ಚುಕ್ಕಿಗಳು ಇಂದಿಗೂ ಇವೆ. ಈಗ ಸೂಜಿಯ ಜಾಗಕ್ಕೆ ಮೆಷಿನ್ ಬಂದಿದೆ. ಜಾತ್ರೆಯಲ್ಲೋ ಉರುಸಿನಲ್ಲೋ ಹತ್ತು ನಿಮಿಷ ಕೈ ಚಾಚಿ ಕೂತರೆ ಸಾಕು, ಗೆಳೆಯನ ಹೆಸರು, ಪ್ರೀತಿಸಿದವರ ಹೆಸರಿನ ಮೊದಲ ಅಕ್ಷರ, ಚೇಳು, ಹೃದಯ, ಏನು ಬೇಕಾದರೂ ಮೂಡುತ್ತದೆ.

ಹಾಕಿಸುವಾಗ ಹತ್ತು ನಿಮಿಷ, ಸರಿ. ತೆಗೆಸುವಾಗಲೂ ಹತ್ತೇ ನಿಮಿಷ ಸಾಕೆಂದು ತಿಳಿಯುವುದರಿಂದ ತೊಂದರೆ ಶುರುವಾಗುತ್ತದೆ. ಮಸೂತಿ, ಕೂಡಗಿ, ತೆಲಗಿ, ಗೊಳಸಂಗಿ ಕಡೆಯಿಂದ ದವಾಖಾನೆಗೆ ಬರುವ ಯುವಕರ ಮಾತು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಹಕೀಮ್ ಸಾಹೇಬ್ರ, ಎಂಟು ದಿನದಾಗ ಹೋಗೂವಂಥಾದ್ದು ಏನರ ಹಚ್ಚಾಕ ಕೊಡ್ರಿ." ಒಬ್ಬನಿಗೆ ನಿಕಾಹ್ ಗೊತ್ತಾಗಿರುತ್ತದೆ. ಇನ್ನೊಬ್ಬ ಸೇನೆಯ ಭರ್ತಿಗೆ ಹೋಗುವವನು. ಮತ್ತೊಬ್ಬ ಈಚೆಗೆ ನಮಾಝಿಗೆ ನಿಂತು ತನ್ನ ಕೈ ತಾನೇ ನೋಡಿಕೊಂಡು ನಾಚುವವನು. ಮೂವರ ಆಸೆಯೂ ಒಳ್ಳೆಯದೇ. ಮೂವರ ಅವಸರ ಮಾತ್ರ ಅಪಾಯದ್ದು. ತೌಬಾ ಇವತ್ತೇ ಮಾಡಿ, ಅದಕ್ಕೆ ಮುಹೂರ್ತ ಬೇಡ. ಆದರೆ ಚರ್ಮಕ್ಕೆ ಒಂದೂವರೆ ವರ್ಷ ಕೊಡಿ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

ದೀನಿನ ಪ್ರಶ್ನೆ, ವೈದ್ಯರ ಉತ್ತರ

ಹಚ್ಚೆ ಹಾಕುವುದನ್ನೂ ಹಾಕಿಸಿಕೊಳ್ಳುವುದನ್ನೂ ಪ್ರವಾದಿ(ಸ)ರವರು ಕಠಿಣವಾಗಿ ನಿಷೇಧಿಸಿದ್ದು ಸಹೀಹ್ ಹದೀಸ್‌ಗಳಲ್ಲಿದೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಕಿಸಿಕೊಂಡಾದ ಮೇಲೆ ಏನು? ಏಳನೆಯ ಹಿಜರಿ ಶತಮಾನದ ಇಮಾಮ್ ನವವೀಯವರು ಸಹೀಹ್ ಮುಸ್ಲಿಮ್‌ಗೆ ಬರೆದ ವ್ಯಾಖ್ಯಾನದಲ್ಲಿ ಇದನ್ನು ವಿವರಿಸಿದ್ದಾರೆ. ಚಿಕಿತ್ಸೆಯಿಂದ ಹೋಗುವಂತಿದ್ದರೆ ತೆಗೆಸಬೇಕು. ಗಾಯ ಮಾಡಿಯೇ ತೆಗೆಯಬೇಕು, ಅದರಿಂದ ಪ್ರಾಣಕ್ಕೋ ಅಂಗಕ್ಕೋ ಹಾನಿ ಅಥವಾ ಎದ್ದು ಕಾಣುವ ವಿಕಾರ ಆಗುವ ಭಯವಿದ್ದರೆ ತೆಗೆಸುವುದು ಕಡ್ಡಾಯವಲ್ಲ, ತೌಬಾ ಸಾಕು. ಬುದ್ಧಿ ಬಲಿಯದ ವಯಸ್ಸಿನಲ್ಲಿ ಬೇರೆಯವರು ಹಾಕಿಸಿದ ಹಚ್ಚೆಯ ಪಾಪ ಆ ಮಗುವಿನ ಮೇಲಿಲ್ಲ ಎಂಬುದನ್ನೂ ಅವರು ಹೇಳಿದ್ದಾರೆ. ಆದ್ದರಿಂದ ಮೊಮ್ಮಕ್ಕಳೇ, ಎಂಬತ್ತು ವರ್ಷದ ಅಜ್ಜಿಯ ಕೈ ನೋಡಿ ಮುಖ ಸಿಂಡರಿಸಬೇಡಿ.

ಇಲ್ಲಿ ಒಂದು ವಿಷಯ ಗಮನಿಸಿ. ಉಲಮಾಗಳ ತೀರ್ಮಾನ 'ಹಾನಿ ಆಗುತ್ತದೆಯೇ' ಎಂಬುದರ ಮೇಲೆ ನಿಂತಿದೆ. ಹಾನಿ ಆಗುತ್ತದೋ ಇಲ್ಲವೋ ಎಂದು ಹೇಳಬೇಕಾದವರು ವೈದ್ಯರು. ಹಾಗಾಗಿ ಮೌಲಾನಾ ಅವರನ್ನು ಕೇಳುವ ಮೊದಲು ಚರ್ಮವೈದ್ಯರಿಗೆ ತೋರಿಸಿ, ಅವರು ಹೇಳಿದ್ದನ್ನು ಮೌಲಾನಾ ಅವರಿಗೆ ತಿಳಿಸಿ.

'ಹಚ್ಚೆ ಇದ್ದರೆ ವುಝೂ ಆಗುವುದಿಲ್ಲವಂತೆ' ಎಂಬ ಭಯ ಹಲವರಲ್ಲಿದೆ. ಇದರಿಂದ ನಮಾಝನ್ನೇ ಬಿಟ್ಟವರೂ ಇದ್ದಾರೆ. ಹಚ್ಚೆಯ ಶಾಯಿ ಇರುವುದು ಚರ್ಮದ ಮೇಲಲ್ಲ, ಮೇಲ್ಪದರದ ಕೆಳಗಿನ ಒಳಪದರದಲ್ಲಿ. ನೇಲ್ ಪಾಲಿಶ್‌ನಂತೆ ಅದು ನೀರನ್ನು ತಡೆಯುವುದಿಲ್ಲ. ನೀರು ಚರ್ಮಕ್ಕೆ ತಾಗುತ್ತದೆ. ಆದ್ದರಿಂದಲೇ ಹಚ್ಚೆ ಇದ್ದರೂ ವುಝೂ, ಗುಸ್ಲ್ ಸಿಂಧು ಎಂದು ಉಲಮಾಗಳು ಹೇಳುತ್ತಾರೆ. ಹಚ್ಚೆಯ ನೆಪದಲ್ಲಿ ಒಂದು ಹೊತ್ತಿನ ನಮಾಝೂ ತಪ್ಪದಿರಲಿ.

ನಮ್ಮ ಹಳೆಯ ಮದ್ದು ಏಕೆ ಬೇಡ

ನಾನು ಯುನಾನಿ ವೈದ್ಯ, ಆದ್ದರಿಂದ ಈ ಮಾತನ್ನು ನಾನೇ ಹೇಳುವುದು ಒಳ್ಳೆಯದು: ಹಚ್ಚೆ ಅಳಿಸುವ ಲೇಪ ಯಾವ ಹಕೀಮರ ಬಳಿಯೂ ಇಲ್ಲ. ಯಾರಾದರೂ ಇದೆ ಎಂದು ಮಾರುತ್ತಿದ್ದರೆ, ಅವರು ಚರ್ಮ ಸುಡುವ ವಸ್ತುವನ್ನು ಮಾರುತ್ತಿದ್ದಾರೆ.

ಹಳೆಯವರು ಪ್ರಯತ್ನಿಸಿರಲಿಲ್ಲ ಎಂದಲ್ಲ. ಆರನೆಯ ಶತಮಾನದ ಗ್ರೀಕ್ ವೈದ್ಯ, ಆಮಿದಾ ಅಂದರೆ ಇಂದಿನ ತುರ್ಕಿಯ ದಿಯಾರ್‌ಬಕಿರ್‌ನ ಏಟಿಯಸ್, ಸುಣ್ಣ ಮತ್ತು ಸೋಡಾ ಬೆರೆಸಿದ ಲೇಪ ಬರೆದಿಟ್ಟಿದ್ದಾನೆ. ನಮ್ಮ ಶೈಖ್ ಇಬ್ನ್ ಸೀನಾ 'ಅಲ್-ಕಾನೂನ್'ನಲ್ಲಿ ಸೋಡಾ ಉಪ್ಪಿನಿಂದ ತೊಳೆಯುವುದು, ರಾಳದ ಪಟ್ಟಿ ಕಟ್ಟುವುದು, ಉಪ್ಪಿನಿಂದ ತಿಕ್ಕುವುದನ್ನು ಹೇಳುತ್ತಾರೆ. ಅದಕ್ಕೂ ಹೋಗದಿದ್ದರೆ ಸೂಜಿ ಚುಚ್ಚಿದ ಜಾಗಗಳಿಗೆ ಬಲಾದುರ್ ಹಚ್ಚಿ ಹುಣ್ಣು ಮಾಡುವುದು ಕೊನೆಯ ದಾರಿ ಎನ್ನುತ್ತಾರೆ. ಬಲಾದುರ್ ಎಂದರೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರುಬೀಜ, ನಮ್ಮ ದಖನಿಯ ಭಿಲಾವಾ. ಅದರ ರಸ ತಾಗಿದರೆ ಏನಾಗುತ್ತದೆ ಎಂದು ಹಳ್ಳಿಯವರಿಗೆ ಹೇಳಬೇಕಿಲ್ಲ.

ಈ ಎಲ್ಲ ಮದ್ದುಗಳ ಕೆಲಸ ಒಂದೇ: ಚರ್ಮವನ್ನು ಸುಟ್ಟು ಉದುರಿಸುವುದು. ಶಾಯಿ ಹೋಗಬಹುದು, ಆದರೆ ಅದರ ಜಾಗದಲ್ಲಿ ಸುಟ್ಟ ಕಲೆ ಉಳಿಯುತ್ತದೆ. ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ಇಂದು ಇದೆ. ಶೈಖ್ ಇಂದು ಇದ್ದಿದ್ದರೆ ಬಲಾದುರ್ ಬಿಟ್ಟು ಲೇಸರ್ ಕಡೆ ಬೆರಳು ತೋರಿಸುತ್ತಿದ್ದರು ಎಂದೇ ನನ್ನ ನಂಬಿಕೆ. ಮನೆಯಲ್ಲಿ ಸುಣ್ಣ, ಆ್ಯಸಿಡ್, ಕಾಸಿದ ಕಬ್ಬಿಣ, ಉಪ್ಪುಕಾಗದ ಯಾವುದನ್ನೂ ಮುಟ್ಟಬೇಡಿ.

ಲೇಸರ್ ಒಡೆಯುತ್ತದೆ, ತಬೀಅತ್ ಹೊರಹಾಕುತ್ತದೆ

ಲೇಸರ್ ಶಾಯಿಯನ್ನು ರಬ್ಬರಿನಂತೆ ಉಜ್ಜಿ ಅಳಿಸುವುದಿಲ್ಲ. ಹಚ್ಚೆಗೆ ಬಳಸುವ ಕ್ಯೂ-ಸ್ವಿಚ್ಡ್ ಲೇಸರಿನ ಬೆಳಕು ಒಂದು ಸೆಕೆಂಡಿನ ನೂರು ಕೋಟಿ ಭಾಗದಷ್ಟು ಕಿರಿದಾದ ಕೆಲವು ಕ್ಷಣಗಳಷ್ಟೇ ಇರುತ್ತದೆ. ಅಷ್ಟರಲ್ಲಿ ಶಾಯಿಯ ಕಣ ಬಿಸಿಯಾಗಿ ಸಿಡಿದು ಪುಡಿಯಾಗುತ್ತದೆ. ಆ ಪುಡಿಯನ್ನು ದೇಹದ ರಕ್ಷಕ ಕಣಗಳು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊತ್ತು ದುಗ್ಧನಾಳಗಳ ಮೂಲಕ ಸಾಗಿಸುತ್ತವೆ. ಯುನಾನಿಯಲ್ಲಿ ದೇಹವನ್ನು ನಡೆಸುವ ಈ ಶಕ್ತಿಗೆ ತಬೀಅತ್ ಎನ್ನುತ್ತೇವೆ. ವೈದ್ಯ ಬರೀ ಸಹಾಯಕ, ಗುಣಪಡಿಸುವುದು ಅಲ್ಲಾಹನು ದೇಹದಲ್ಲಿಟ್ಟ ತಬೀಅತ್. ಲೇಸರಿನ ವಿಷಯದಲ್ಲಂತೂ ಇದು ಅಕ್ಷರಶಃ ನಿಜ.

ತಬೀಅತ್ತಿಗೆ ಸಮಯ ಬೇಕು. ಆದ್ದರಿಂದಲೇ ಎರಡು ಸಲದ ನಡುವೆ ಕನಿಷ್ಠ 6ರಿಂದ 8 ವಾರ ಬಿಡುತ್ತಾರೆ. ಇಟಲಿಯ ಮಿಲಾನ್‌ನ ವೈದ್ಯರು 352 ಜನರನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 10 ಸಲ ಲೇಸರ್ ಆದ ಮೇಲೆ ಹಚ್ಚೆ ಹೋದದ್ದು ಸುಮಾರು 47 ಶೇಕಡಾ ಜನರಿಗೆ, 15 ಸಲ ಆದ ಮೇಲೆ ಸುಮಾರು 75 ಶೇಕಡಾ ಜನರಿಗೆ. 8 ವಾರಕ್ಕಿಂತ ಬೇಗ ಬೇಗ ಮಾಡಿಸಿದವರಿಗೆ ಫಲಿತಾಂಶ ಹೆಚ್ಚು ಬರಲಿಲ್ಲ, ಕಡಿಮೆಯೇ ಬಂತು. ಬೀಡಿ ಸಿಗರೇಟು ಸೇದುವವರಿಗೂ ಹಾಗೆಯೇ.

ಲೆಕ್ಕ ಹಾಕಿ ನೋಡಿ. 10 ಸಲ ಎಂದರೆ ನಡುವೆ 9 ವಿರಾಮ. ಒಂದೊಂದಕ್ಕೆ 8 ವಾರವಾದರೆ 72 ವಾರ. ಹದಿನಾರು ತಿಂಗಳು ದಾಟಿತು. ಜಾತ್ರೆಯಲ್ಲಿ ಹಾಕಿಸಿದ ತೆಳುವಾದ ಕಪ್ಪು ಹಚ್ಚೆ ಇದಕ್ಕಿಂತ ಕಡಿಮೆ ಸಲದಲ್ಲಿ ಹೋಗಬಹುದು. ಅಂಗಡಿಯಲ್ಲಿ ದಟ್ಟವಾಗಿ ಬಣ್ಣ ತುಂಬಿಸಿದ್ದು ಹೆಚ್ಚು ಸಲ ಬೇಡುತ್ತದೆ. ಕಪ್ಪು ಬಣ್ಣ ಬೇಗ ಹೋಗುತ್ತದೆ, ಹಸಿರು ಹಳದಿ ಹಟಮಾರಿಗಳು. ಬಿಳಿ, ಗುಲಾಬಿ, ಮೈಬಣ್ಣದ ಶಾಯಿ ಲೇಸರ್ ತಾಗಿದ ಕೂಡಲೇ ಕಪ್ಪಾಗುವುದೂ ಉಂಟು. ಆದ್ದರಿಂದ ಅಂಥ ಕಡೆ ಮೊದಲು ಒಂದು ಚಿಕ್ಕ ಚುಕ್ಕಿಯಷ್ಟು ಜಾಗದಲ್ಲಿ ಪರೀಕ್ಷಿಸಲು ಹೇಳಿ.

ಹೋಗುವ ಮೊದಲಿನ ತಿಂಗಳು

ನಮ್ಮ ಮೈಬಣ್ಣ ಗೋಧಿ ಅಥವಾ ಕಪ್ಪು. ಚರ್ಮದ ಸ್ವಂತ ಬಣ್ಣವೂ ಲೇಸರ್ ಬೆಳಕನ್ನು ಹೀರುತ್ತದೆ. ಆದ್ದರಿಂದ ನಮ್ಮವರಿಗೆ ಸುಟ್ಟು ಬಿಳಿ ಮಚ್ಚೆ ಅಥವಾ ಕಪ್ಪು ಕಲೆ ಉಳಿಯುವ ಅಪಾಯ ಬಿಳಿಯರಿಗಿಂತ ಹೆಚ್ಚು. ನಮ್ಮಂಥ ಚರ್ಮದ ಕಪ್ಪು ಹಚ್ಚೆಗೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಯಾವ ಲೇಸರ್ ಎಂದು ಕೇಳಲು ಸಂಕೋಚ ಬೇಡ. ಉತ್ತರಿಸಲು ಬಾರದವರ ಕೈಗೆ ಚರ್ಮ ಕೊಡಬೇಡಿ. ಬ್ಯೂಟಿ ಪಾರ್ಲರಿನಲ್ಲಿ 'ಆಫರ್' ಇದೆ ಎಂದು ಹೋಗಬೇಡಿ. ವಿಜಯಪುರದ ಬಿ.ಎಲ್.ಡಿ.ಇ. ಮತ್ತು ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಮೊದಲು ತೋರಿಸಿ. ಲೇಸರ್ ಎಲ್ಲಿ ಮಾಡಿಸಬೇಕೆಂದು ಅವರೇ ಹೇಳುತ್ತಾರೆ. ಎಲ್ಲ ಸಲದ ಹಣವನ್ನು ಮುಂಗಡ ಕಟ್ಟಬೇಡಿ, ಒಂದೊಂದು ಸಲಕ್ಕೆ ಕೊಡುತ್ತ ಹೋಗಿ.

ವೈದ್ಯರಿಗೆ ಮುಚ್ಚಿಡದೆ ಹೇಳಬೇಕಾದ ವಿಷಯಗಳಿವೆ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್, ಗಾಯವಾದ ಜಾಗದಲ್ಲಿ ಗಂಟಿನಂತೆ ಉಬ್ಬುವ ಕೀಲಾಯ್ಡ್ ಗುಣ, ಹಚ್ಚೆಯ ಮೇಲೆ ತುರಿಕೆ ಅಥವಾ ಉಬ್ಬು, ಎಲ್ಲವನ್ನೂ ಹೇಳಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಗರ್ಭಿಣಿಯರು ಹೆರಿಗೆಯಾಗುವವರೆಗೆ ಮುಂದೂಡಲಿ. ಒಂದೇ ಸೂಜಿಯಿಂದ ಹಲವರಿಗೆ ಹಾಕುವ ಕಡೆ ಹಾಕಿಸಿಕೊಂಡಿದ್ದರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್.ಐ.ವಿ. ಪರೀಕ್ಷೆ ಒಮ್ಮೆ ಮಾಡಿಸಿಕೊಳ್ಳುವುದು ಜಾಣತನ.

ನಮ್ಮ ಓದುಗರಿಗೆ ವಿಶೇಷವಾಗಿ ಒಂದು ಮಾತು. ಚಿನ್ನದ ಲವಣದ ಔಷಧ ಪಡೆದವರಿಗೆ ಈ ಲೇಸರ್ ತಾಗಿದಾಗ ಆ ಜಾಗ ನೀಲಿಗಪ್ಪಾಗಿ ಉಳಿದದ್ದು ವೈದ್ಯಕೀಯದಲ್ಲಿ ದಾಖಲಾಗಿದೆ. ಆದ್ದರಿಂದ ಶಕ್ತಿಗೆಂದು ಕುಶ್ತಾ-ಎ-ತಿಲಾ ಅಥವಾ ಸ್ವರ್ಣಭಸ್ಮ ತಿಂದವರು, ಎಷ್ಟೇ ಹಿಂದೆ ತಿಂದಿರಲಿ, ಅದನ್ನು ಲೇಸರ್ ವೈದ್ಯರಿಗೆ ತಪ್ಪದೆ ಹೇಳಿ. ಅವರು ಕೇಳುವುದಿಲ್ಲ, ನೀವೇ ಹೇಳಬೇಕು.

ಕನಿಷ್ಠ ನಾಲ್ಕು ವಾರ ಮೊದಲಿನಿಂದ ಹಚ್ಚೆಯ ಜಾಗಕ್ಕೆ ಬಿಸಿಲು ತಾಗದಂತೆ ನೋಡಿಕೊಳ್ಳಿ. ತುಂಬು ತೋಳಿನ ಅಂಗಿ ಇದಕ್ಕೆ ಒಳ್ಳೆಯ ಮದ್ದು. ಹೊಲದಲ್ಲಿ, ಕಟ್ಟಡದಲ್ಲಿ ದುಡಿಯುವವರು ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಶುರು ಮಾಡದೆ ಮಳೆಗಾಲದಲ್ಲಿ ಅಥವಾ ಚಳಿಗಾಲದಲ್ಲಿ ಶುರು ಮಾಡಿ. ಅಂಗಡಿಯಲ್ಲಿ ಸಿಗುವ ಬೆಳ್ಳಗಾಗುವ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುವುದು ಸಾಮಾನ್ಯ. ಅದು ಚರ್ಮವನ್ನು ತೆಳ್ಳಗೆ ಮಾಡುತ್ತದೆ. ಹಚ್ಚುತ್ತಿದ್ದರೆ ವೈದ್ಯರಿಗೆ ಹೇಳಿ. ಆ ಜಾಗದಲ್ಲಿ ಮೆಹಂದಿ ಇದ್ದರೆ ಬಣ್ಣ ಪೂರ್ತಿ ಹೋಗುವವರೆಗೆ ಕಾಯಿರಿ. ಅಂದು ಅತ್ತರು, ಎಣ್ಣೆ, ಪೌಡರ್ ಬೇಡ. ಮರಗಟ್ಟಿಸುವ ಮುಲಾಮನ್ನು ವೈದ್ಯರು ಹೇಳಿದಷ್ಟೇ ಹಚ್ಚಿ. ದೊಡ್ಡ ಜಾಗಕ್ಕೆ ದಪ್ಪಗೆ ಹಚ್ಚಿದರೆ ಅದು ರಕ್ತ ಸೇರಿ ಪ್ರಾಣಕ್ಕೇ ಕುತ್ತಾಗಬಹುದು.

ಹೆಣ್ಣುಮಕ್ಕಳು ವೈದ್ಯೆಯನ್ನು ಕೇಳುವುದು, ಜೊತೆಗೆ ತಾಯಿಯೋ ಗಂಡನೋ ಇರಬೇಕೆಂದು ಕೇಳುವುದು ತಪ್ಪಲ್ಲ. ಕೋಣೆಯಲ್ಲಿರುವ ಪ್ರತಿಯೊಬ್ಬರೂ ಲೇಸರ್ ಕನ್ನಡಕ ಹಾಕಲೇಬೇಕು. ಆ ಬೆಳಕು ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗುತ್ತದೆ.

ಮನೆಗೆ ಬಂದ ಮೇಲೆ

ಲೇಸರ್ ತಾಗಿದ ಕೂಡಲೇ ಹಚ್ಚೆ ಬೆಳ್ಳಗೆ ಹಿಟ್ಟು ಬಳಿದಂತೆ ಕಾಣುತ್ತದೆ. 'ಹೋಯಿತು' ಎಂದು ಖುಷಿಪಡಬೇಡಿ. ಅದು ಒಳಗೆ ಎದ್ದ ಗಾಳಿಗುಳ್ಳೆ, ಅರ್ಧ ಗಂಟೆಯೊಳಗೆ ಮಾಯವಾಗುತ್ತದೆ. ನಂತರ ಕೆಂಪು, ಬಾವು, ಉರಿ. ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ಪ್ಯಾಕನ್ನು ಹತ್ತು ನಿಮಿಷ ಇಡಿ, ಮಂಜುಗಡ್ಡೆಯನ್ನು ನೇರವಾಗಿ ಇಡಬೇಡಿ. ಮರುದಿನವೋ ಆಚೆ ದಿನವೋ ನೀರುಗುಳ್ಳೆ ಏಳಬಹುದು. ಅದು ಅನಾಹುತವಲ್ಲ, ಆದರೆ ಅದನ್ನು ಒಡೆಯಬೇಡಿ. ಗುಳ್ಳೆಯ ಚರ್ಮವೇ ಗಾಯಕ್ಕೆ ಒಳ್ಳೆಯ ಪಟ್ಟಿ. ಬಹಳ ದೊಡ್ಡದಾದರೆ ವೈದ್ಯರು ನೋಡಲಿ.

ಗಾಯಕ್ಕೆ ಸಾದಾ ವ್ಯಾಸಲಿನ್ ತೆಳುವಾಗಿ ಹಚ್ಚಿ, ಅಂಟಿಕೊಳ್ಳದ ಗಾಜ್ ಕಟ್ಟಿ. ಅರಿಶಿನ, ಟೂತ್‌ಪೇಸ್ಟ್, ನಿಂಬೆರಸ, ಸಿರ್ಕಾ, ಮನೆಯಲ್ಲಿ ಉಳಿದ ಯಾವುದೋ ಮರ್ಹಮ್ ಬೇಡ. ಸಿಪ್ಪೆ ಒಂದೆರಡು ವಾರದಲ್ಲಿ ತಾನಾಗಿ ಉದುರುತ್ತದೆ. ಕೆರೆದು ತೆಗೆದರೆ ಕಲೆ ಖಾತ್ರಿ. ಪೂರ್ತಿ ವಾಸಿಯಾಗುವವರೆಗೆ ಕಾಲುವೆ, ಬಾವಿಯಲ್ಲಿ ಈಜಬೇಡಿ. ಆ ಜಾಗದಲ್ಲಿ ಹಿಜಾಮಾ ಮಾಡಿಸಬೇಡಿ. ವಾಸಿಯಾದ ಮೇಲೂ ಮುಂದಿನ ಸಲದವರೆಗೆ ಬಿಸಿಲಿನಿಂದ ಮುಚ್ಚಿಡಿ. ನೋವು ಕಡಿಮೆಯಾಗುವ ಬದಲು ಹೆಚ್ಚಿದರೆ, ಕೀವು ಬಂದರೆ, ಕೆಂಪು ಗೆರೆ ಮೇಲಕ್ಕೆ ಹರಿದರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

'ಮೊಟ್ಟೆ, ಮಾಂಸ ತಿಂದರೆ ಕೀವಾಗುತ್ತದೆ' ಎಂದು ಹಿರಿಯರು ಪಥ್ಯ ಹಿಡಿಸುತ್ತಾರೆ. ಇದಕ್ಕೆ ಆಧಾರವಿಲ್ಲ. ಗಾಯ ಕೂಡಲು ಪ್ರೋಟೀನ್ ಬೇಕು. ಮೊಟ್ಟೆ, ಬೇಳೆ, ಮಾಂಸ, ಹಾಲು ಎಂದಿನಂತೆ ತಿನ್ನಲಿ. ಬಿಡಬೇಕಾದದ್ದು ಬೀಡಿ, ಸಿಗರೇಟು.

ವುಝೂ ಹೇಗೆ? ವೈದ್ಯರು ಬೇರೆ ಹೇಳದಿದ್ದರೆ ಮೊದಲ ದಿನ ಜಾಗವನ್ನು ಒಣಗಿಯೇ ಇಡಿ. ಆಮೇಲೆ ಗುಳ್ಳೆ, ಗಾಯ ಇಲ್ಲದಿದ್ದರೆ ಸಾದಾ ನೀರು ಮೆಲ್ಲಗೆ ಹರಿಸಿ, ಉಜ್ಜದೆ ಬಟ್ಟೆಯಿಂದ ಒತ್ತಿ ಒರೆಸಿ. ನೀರಿನಿಂದ ಹಾನಿಯೆಂದು ವೈದ್ಯರು ಹೇಳಿ ಪಟ್ಟಿ ಕಟ್ಟಿದ್ದರೆ, ಉಳಿದ ಅಂಗ ತೊಳೆದು ಪಟ್ಟಿಯ ಮೇಲೆ ಒದ್ದೆ ಕೈ ಸವರುವ ಮಸಹ್‌ಗೆ ಶರೀಅತ್ತಿನಲ್ಲಿ ರಿಯಾಯಿತಿ ಇದೆ. ವಿವರಗಳನ್ನು ನಿಮ್ಮ ಇಮಾಮರಲ್ಲಿ ಕೇಳಿ. ರಮಝಾನ್ ಬಂದರೆ, ಹಜ್ ಉಮ್ರಾಕ್ಕೆ ಹೊರಟಿದ್ದರೆ ಮುಂದಿನ ಸಲವನ್ನು ಒಂದೆರಡು ತಿಂಗಳು ಮುಂದೂಡಿ. ವಿರಾಮ ಹೆಚ್ಚಾದರೆ ನಷ್ಟವೇನಿಲ್ಲ.

ಭರ್ತಿಗೆ ಹೋಗುವ ಹುಡುಗರಿಗೆ

ಭೂಸೇನೆಯ ಭರ್ತಿ ಪ್ರಕಟಣೆಗಳಲ್ಲಿ ಮುಂಗೈಯ ಒಳಮೈಗೆ, ಅಂದರೆ ಮೊಣಕೈ ಒಳಗಿನಿಂದ ಮಣಿಕಟ್ಟಿನವರೆಗೆ, ಮತ್ತು ಅಂಗೈಯ ಹಿಂಬದಿಗೆ ಮಾತ್ರ ಶಾಶ್ವತ ಹಚ್ಚೆಗೆ ಅನುಮತಿ ಎಂದಿರುತ್ತದೆ. ಬೇರೆ ದಳಗಳ ನಿಯಮ ಬೇರೆ. ಮೊದಲು ಪ್ರಕಟಣೆ ಓದಿ. ನಿಮ್ಮದು ಅನುಮತಿ ಇರುವ ಜಾಗವಾದರೆ ಭರ್ತಿಗಾಗಿ ಅವಸರಪಡಬೇಕಿಲ್ಲ. ಅಲ್ಲದಿದ್ದರೆ ಎರಡು ವರ್ಷ ಮೊದಲೇ ಶುರು ಮಾಡಿ. ಓಟದ ಹಿಂದಿನ ವಾರ ಆ್ಯಸಿಡ್ ಹಾಕಿಕೊಂಡವನು ಹಚ್ಚೆಯ ಬದಲು ಸುಟ್ಟ ಗಾಯ ತೋರಿಸುತ್ತಾನೆ, ಅಷ್ಟೇ.

ಮನೆಯ ಹಿರಿಯರಿಗೆ

ಕೊನೆಯದಾಗಿ ತಂದೆತಾಯಂದಿರಿಗೆ, ಬೀಗರಿಗೆ ನನ್ನ ವಿನಂತಿ. ಮಗ ಅಥವಾ ಮಗಳು ಹಚ್ಚೆ ತೆಗೆಸುತ್ತೇನೆ ಎಂದು ಬಂದಾಗ ಅವರು ಅರ್ಧ ದಾರಿ ಹಿಂದಿರುಗಿ ಬಂದಂತೆ. ಬೈಗುಳದಿಂದ, ನಿಕಾಹ್ ತಾರೀಖಿನ ಒತ್ತಡದಿಂದ ಅವರನ್ನು ಸುಣ್ಣ, ಆ್ಯಸಿಡ್ ಕಡೆಗೆ ತಳ್ಳಬೇಡಿ. ಹಚ್ಚೆ ಪೂರ್ತಿ ಹೋಗದೆ ನಿಕಾಹ್ ಆಗಬಾರದೆಂಬ ನಿಯಮ ಎಲ್ಲೂ ಇಲ್ಲ. ಹುಡುಗನ ಕೈಮೇಲೆ ಮಸುಕಾಗುತ್ತಿರುವ ಹಚ್ಚೆಯೊಂದು ಇದೆ, ಚಿಕಿತ್ಸೆ ನಡೆದಿದೆ ಎಂದು ಬೀಗರಿಗೆ ಮೊದಲೇ ನೇರವಾಗಿ ಹೇಳಿಬಿಡಿ. ಸುಳ್ಳಿಗಿಂತ ಅದು ಒಳ್ಳೆಯದು. ಕೇಳುವ ಬೀಗರೂ ಅದನ್ನು ದೊಡ್ಡತನದಿಂದ ಕೇಳಿಕೊಳ್ಳಲಿ.

ಎಷ್ಟೇ ಸಲ ಮಾಡಿಸಿದರೂ ಕೆಲವರಿಗೆ ತೆಳುವಾದ ನೆರಳು ಉಳಿದೇ ಉಳಿಯುತ್ತದೆ. ಆಗ 'ಇಷ್ಟು ಸಾಕು' ಎಂದು ವೈದ್ಯರು ಹೇಳಿದರೆ ಅಲ್ಲಿಗೆ ನಿಲ್ಲಿಸಿ. ನಿಮ್ಮ ಪ್ರಯತ್ನ ಅಲ್ಲಾಹನಿಗೆ ಗೊತ್ತು. ಈ ಚರ್ಮ ಅವನ ಅಮಾನತ್ತು. ಒಮ್ಮೆ ಅದಕ್ಕೆ ಚುಚ್ಚಿದ್ದಾಯಿತು, ತೆಗೆಸುವಾಗಲಾದರೂ ಸುಡದೆ ಕಾಪಾಡಿಕೊಳ್ಳೋಣ. ಅಲ್ಲಾಹನು ನಮ್ಮ ಮಕ್ಕಳಿಗೆ ಹಿದಾಯತ್ತನ್ನೂ ಶಿಫಾವನ್ನೂ ಕರುಣಿಸಲಿ. ಆಮೀನ್.